ನಡುಕದಂಗಡಿ

“ಸ್ವಲ್ಪ ಮುಂಚೆ ಬಂದಿದ್ರೆ ಸಿಗ್ತಿದ್ದ. ಈಗ ತಾನೆ ಹೋದ,” ಎಂದರು ಅತ್ತೆ.

ಅವಳು ಟೀ ಲೋಟವನ್ನು ಅವರ ಮುಂದಿಟ್ಟಳು. ಯಾರು ಎಂದು ಕೇಳಲಿಲ್ಲ. ಕೇಳುವುದೇನು ಬಂತು, ಕೆಲವು ದಿನಗಳಿಂದ ಮಧ್ಯಾಹ್ನವಾದರೆ ಇದೇ ಮಾತು. ಬಂದು ಹೋದವನು ಅತ್ತೆಯ ಮಗ, ಅಂದರೆ ಅವಳ ಗಂಡ. ಅವನು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಬೇರಿಂಗ್ ತರುತ್ತೇನೆಂದು ಬೆಳಿಗ್ಗೆ ಹೊರಟ ಮನುಷ್ಯ ಬಸ್ಸಿನ ಸೀಟಿನಲ್ಲಿ ಕೂತವನು ಕೂತ ಹಾಗೇ ಹೋಗಿಬಿಟ್ಟಿದ್ದ. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಭುಜ ಹಿಡಿದು ಎಬ್ಬಿಸಲು ನೋಡಿದಾಗಲೇ ಗೊತ್ತಾದದ್ದು. ಹೊರಡುವಾಗ ಅವನು ಹೆಂಡತಿಗೆ ಹೇಳಿದ ಕೊನೆಯ ಮಾತು, ನಲ್ಲಿಯ ವಾಷರ್ ಸವೆದಿದೆ, ಸಂಜೆ ನೆನಪು ಮಾಡು ಎಂದು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಬಿಟ್ಟುಹೋಗಲು ಒಂದು ವಾಷರೇ ಸಿಕ್ಕಿತೇ ಎಂದು ಅವಳಿಗೆ ಈಗಲೂ ಸಿಟ್ಟು ಬರುತ್ತದೆ. ಸಿಟ್ಟಿನ ಬೆನ್ನಿಗೇ ಅಳುವೂ ಬರುತ್ತದೆ.

ಅತ್ತೆ ಮರುಳು ಹೆಂಗಸಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತಿಯಾದವರು. ಯಾರಾದರೂ ದೆವ್ವ, ಭೂತ ಎಂದು ಬಾಯಿ ತೆರೆದರೆ, “ನಿಮ್ಮ ದೆವ್ವಕ್ಕೆ ಬೇರೆ ಕೆಲಸ ಇಲ್ವಂತಾ?” ಎಂದು ಅಲ್ಲೇ ಮುಚ್ಚಿಸುತ್ತಿದ್ದರು. ಅಂಥವರು ಈಗ, ನಾಳೆ ಹಾಲು ಒಂದು ಲೀಟರ್ ಜಾಸ್ತಿ ಹೇಳು ಎನ್ನುವಷ್ಟೇ ಸಲೀಸಾಗಿ, ಮಗ ಬಂದಿದ್ದ ಎನ್ನುತ್ತಿದ್ದರು. ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಆ ಸಲೀಸುತನವೇ.

ಅವನು ಮಾತಾಡುವುದಿಲ್ಲವಂತೆ. ಅತ್ತೆ ಊಟ ಮುಗಿಸಿ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುವಾಗ ಮೊದಲು ಎದೆಯ ಮೇಲೆ ಯಾರೋ ಅಂಗೈ ಊರಿದ ಹಾಗೆ ಭಾರವಾಗುತ್ತದಂತೆ. ಆಮೇಲೆ ತೋಳಿನ ರೋಮ ನಿಲ್ಲುತ್ತದೆ. ಆಮೇಲೆ ಎಡಗಣ್ಣಿನ ಕೊನೆಯಲ್ಲಿ, ಬಾಗಿಲ ಹತ್ತಿರ, ಬೂದು ಬಣ್ಣದ ಒಂದು ಆಕೃತಿ ನಿಂತುಕೊಳ್ಳುತ್ತದೆ. ತಿರುಗಿ ನೋಡಿದರೆ ಇಲ್ಲ. ಮೊದಲೆರಡು ದಿನ ತಿರುಗಿ ತಿರುಗಿ ಕಳೆದುಕೊಂಡ ಅತ್ತೆ, ಈಗ ನೋಡದೆಯೇ ನೋಡುವುದನ್ನು ಕಲಿತಿದ್ದರು.

“ಮಾತಾಡದಿದ್ರೆ ಹೋಗ್ಲಿ ಬಿಡು. ಚಿಕ್ಕವನಿದ್ದಾಗ್ಲೂ ಅವನು ಹಾಗೇ. ಏನಾದ್ರೂ ಬೇಕಾದ್ರೆ ಬಂದು ಬಾಗಿಲಲ್ಲಿ ನಿಂತ್ಕೊಳ್ತಿದ್ದ, ಕೇಳ್ತಿರ್ಲಿಲ್ಲ.”

ಅವಳು ತನ್ನ ಟೀ ಲೋಟ ಎತ್ತಿಕೊಂಡು ಕೆಳಗಿಳಿದಳು. ಮೆಟ್ಟಿಲ ತಿರುವಿನಲ್ಲಿ ಗೋಡೆ ಹಿಡಿದು ಒಂದು ಗಳಿಗೆ ನಿಂತಳು. ಸುಳ್ಳು ಹೇಳುವುದೇಕೆ, ಅವಳ ಹೊಟ್ಟೆಯಲ್ಲಿದ್ದದ್ದು ಹೆದರಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ಕಟ್ಟಿಕೊಂಡವಳು ನಾನು, ಇಡೀ ದಿನ ಅವರದೇ ಅಂಗಡಿಯಲ್ಲಿ, ಅವರದೇ ಸ್ಟೂಲಿನ ಮೇಲೆ ಕೂತು ಅವರದೇ ಕೆಲಸ ಮಾಡುತ್ತಿದ್ದೇನೆ. ಮೆಟ್ಟಿಲು ಹತ್ತಿ ಅಮ್ಮನ ಹತ್ತಿರ ಹೋಗುವವರಿಗೆ ದಾರಿಯಲ್ಲಿ ನಾನು ಕಾಣುವುದಿಲ್ಲವೇ?

ಕೆಳಗಿನ ಅಂಗಡಿಗೆ ಬೀದಿಯವರು ಇಟ್ಟ ಹೆಸರು ನಡುಕದಂಗಡಿ. ಹಲಗೆಯ ಮೇಲೆ ದೊಡ್ಡ ಹೆಸರೇನೋ ಬರೆದಿತ್ತು, ಯಾರೂ ಓದುತ್ತಿರಲಿಲ್ಲ. ಲಾರಿಗೆ, ಪಂಪಿಗೆ, ರೈಲಿಗೆ ಹಾಕುವ ಬಿಡಿಭಾಗಗಳನ್ನು ಇಲ್ಲಿಗೆ ತರುತ್ತಾರೆ. ಕಬ್ಬಿಣದ ಮೇಜಿನ ಮೇಲೆ ಬೋಲ್ಟು ಹಾಕಿ ಬಿಗಿದು, ಗಂಟೆಗಟ್ಟಲೆ ನಡುಗಿಸಿ, ಬಿರುಕು ಬಿಡದಿದ್ದರೆ ಪಾಸು, ಬಿಟ್ಟರೆ ನಪಾಸು. ನಡುಗಿಸಲು ಮೂರು ಸಾಮಾನು ಬೇಕು. ರೊಟ್ಟಿ ಡಬ್ಬಿಯಷ್ಟಿರುವ ಸಿಗ್ನಲ್ ಜನರೇಟರು, ಬೀರುವಿನಷ್ಟೆತ್ತರದ ಆಂಪ್ಲಿಫೈಯರು, ಅದರಾಚೆ ಆ ಮೇಜು. ಜನರೇಟರಿನಿಂದ ಬರುವ ಸಿಗ್ನಲ್ಲಿಗೆ ಒಂದು ಚಿಕ್ಕ ಮೋಟರನ್ನೂ ತಿರುಗಿಸುವ ತಾಕತ್ತಿಲ್ಲ. ಅದು ಸೆಕೆಂಡಿಗೆ ಎಷ್ಟು ಸಲ, ಎಷ್ಟು ಜೋರಾಗಿ ಎಂದಷ್ಟೇ ಹೇಳುತ್ತದೆ. ಆ ಪಿಸುಮಾತನ್ನು ಹಿಡಿದು ಬಲ ತುಂಬಿ ಮೇಜಿಗೆ ಮುಟ್ಟಿಸುವುದು ಆಂಪ್ಲಿಫೈಯರು. ಮದುವೆಯಾದ ಹೊಸದರಲ್ಲಿ ಗಂಡ ಇದನ್ನು ವಿವರಿಸಿದಾಗ ಅವಳು, ಅರ್ಥವಾಯಿತು ಬಿಡಿ, ನಿಮ್ಮಮ್ಮ ಹೇಳುವವರು, ನಾನು ಹೊರುವವಳು ಎಂದಿದ್ದಳು. ಅವನು ನಕ್ಕು ನಕ್ಕು ಸ್ಟೂಲಿನಿಂದ ಬೀಳುವುದೊಂದು ಬಾಕಿ.

ಅವನು ಹೋದ ಮೇಲೆ ಹಳೆಯ ಜನರೇಟರೂ ಕೈಕೊಟ್ಟಿತು. ಅವಳು ಹೊಸದೊಂದನ್ನು ತಂದಳು. ಉಳಿದದ್ದೆಲ್ಲ ಗಂಡನದೇ ಲೆಕ್ಕ. ಇಷ್ಟು ಕೊಟ್ಟರೆ ಇಷ್ಟು ನಡುಗುತ್ತದೆ ಎಂದು ಅವನು ಬಾಯಿಪಾಠ ಮಾಡಿಸಿದ್ದ ಅಂಕಿಗಳು ಅವಳಿಗೆ ಮಗ್ಗಿಯ ಹಾಗೆ ಬರುತ್ತಿದ್ದವು. ಮೇಜಿನ ನಡುಕವನ್ನೇ ಅಳೆಯುವ ಉಪಕರಣವನ್ನು ಅವನು ವರ್ಷಕ್ಕೊಮ್ಮೆ ಬಾಡಿಗೆಗೆ ತಂದು ತಾಳೆ ನೋಡುತ್ತಿದ್ದ. ಅವಳು ತಂದಿರಲಿಲ್ಲ. ಅವನ ಲೆಕ್ಕ ತಪ್ಪೀತೆಂದು ಅನುಮಾನ ಪಡಲು ಅವಳಿಗೆ ಮನಸ್ಸೇ ಬಂದಿರಲಿಲ್ಲ.

ಆಗ ನಡೆಯುತ್ತಿದ್ದದ್ದು ಲಾರಿಯ ದೀಪಗಳ ಕೆಲಸ. ದೀಪ ತಯಾರಿಸುವವರೊಬ್ಬರು, ಬೀದಿಯಲ್ಲಿ ಎಲ್ಲರೂ ದೀಪದವರು ಎಂದೇ ಕರೆಯುವ ದಪ್ಪ ಮೀಸೆಯ ಸಭ್ಯ ಮನುಷ್ಯ, ಹೊಸ ಮಾದರಿಯ ದೀಪಗಳನ್ನು ತಂದಿಟ್ಟಿದ್ದರು. ಆ ದೀಪಕ್ಕೆ ಹೊಂದುವ ನಡುಕ ತುಂಬ ನಿಧಾನದ್ದು, ಸೆಕೆಂಡಿಗೆ ಹತ್ತೊಂಬತ್ತು ಸಲ. ಅಷ್ಟು ತಗ್ಗಿನ ಸದ್ದು ಮನುಷ್ಯರ ಕಿವಿಗೆ ಬೀಳುವುದಿಲ್ಲ. ಅವಳಿಗೆ ಕೇಳಿಸುತ್ತಿದ್ದದ್ದು ಆಂಪ್ಲಿಫೈಯರಿನ ಫ್ಯಾನಿನ ಭೋರ್ಗರೆತ ಮಾತ್ರ. ಅದಕ್ಕೂ ಅವಳು ಕಿವಿಗೆ ಮುಚ್ಚಳ ಹಾಕಿಕೊಂಡು, ರಬ್ಬರಿನ ದಪ್ಪ ಹಾಸಿನ ಮೇಲಿದ್ದ ಸ್ಟೂಲಿನಲ್ಲಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಯಂತ್ರ ಓಡಲು ಬಿಟ್ಟು ನೀರು ಕುಡಿಯಲೆಂದು ಮೇಲೆ ಹತ್ತಿದಳು. ಕೊನೆಯ ಮೆಟ್ಟಿಲಿನಲ್ಲಿ ಅತ್ತೆಯ ದನಿ ಕೇಳಿ ಕಾಲು ನಿಂತಿತು. ಅತ್ತೆ ಗೋಡೆಗೆ ಹೇಳುವ ಹಾಗೆ, ಮೆಲ್ಲಗೆ, ಮನೆಯ ಸುದ್ದಿ ಹೇಳುತ್ತಿದ್ದರು. ನಲ್ಲಿ ಸರಿ ಮಾಡಿಸಿದ್ದು, ಪಕ್ಕದ ಮನೆಯವರು ಖಾಲಿ ಮಾಡಿದ್ದು.

“ಅವಳು ಸರಿಯಾಗಿ ತಿನ್ನಲ್ಲ ಕಣೋ. ನಿನ್ನ ಶರ್ಟುಗಳನ್ನ ಇನ್ನೂ ಯಾರಿಗೂ ಕೊಟ್ಟಿಲ್ಲ, ಹಾಗೇ ಮಡಿಸಿ ಇಟ್ಕೊಂಡಿದಾಳೆ. ಯಾಕೋ, ಅವಳ ಹತ್ರ ಹೋಗಬಾರ್ದಾ ನೀನು? ನನ್ನ ಮುಖ ಏನ್ ನೋಡ್ತೀಯ ದಿನಾ?”

ಅವಳು ನೀರು ಕುಡಿಯದೆ ಇಳಿದು ಬಂದಳು. ಅಳು ಬಂತು, ಅತ್ತಳು. ಫ್ಯಾನಿನ ಸದ್ದಿನಲ್ಲಿ ಅಳುವುದರ ಸುಖವೇ ಅದು, ಯಾರಿಗೂ ಕೇಳುವುದಿಲ್ಲ.

ಮರುದಿನ ದೀಪದವರು ಬಂದರು. ಕುಳಿತುಕೊಳ್ಳಲಿಲ್ಲ. ಕೈಯಲ್ಲಿ ಬಿರುಕು ಬಿಟ್ಟ ದೀಪದ ಹಿಡಿಕೆ ಇತ್ತು. ತಂದ ದೀಪಗಳೆಲ್ಲ ನಿಮ್ಮಲ್ಲಿ ನಪಾಸಾಗುತ್ತಿವೆ, ಅವೇ ದೀಪ ಬೇರೆ ಕಡೆ ಪಾಸಾಗುತ್ತಿವೆ, ನಾನು ನಿಮ್ಮ ಯಜಮಾನರ ಮೇಲಿನ ವಿಶ್ವಾಸದಿಂದ ಇಲ್ಲಿಗೇ ಬರುತ್ತಿರುವವನು, ನಿಮ್ಮ ಮಾತು ನಂಬಿ ಅಚ್ಚನ್ನೇ ಒಡೆದು ಹೊಸದು ಮಾಡಿಸಬೇಕೆಂದಿದ್ದೇನೆ, ಒಂದು ಸಲ ನೋಡಿಬಿಡಿ ತಾಯಿ ಎಂದರು. ಜೋರು ಮಾಡಿದ್ದರೆ ಅವಳೂ ಜೋರು ಮಾಡುತ್ತಿದ್ದಳೇನೋ. ಆ ಮನುಷ್ಯ ಮೆತ್ತಗೆ ಹೇಳಿದ್ದೇ ಅವಳಿಗೆ ಚುಚ್ಚಿತು.

ಅವರು ಹೋದ ಮೇಲೆ ಶಟರ್ ಅರ್ಧ ಎಳೆದು ಪರೀಕ್ಷೆಗೆ ಕೂತಳು. ಮೇಜು ಸರಿ ಇತ್ತು, ಆಂಪ್ಲಿಫೈಯರೂ ಸರಿ ಇತ್ತು. ಕೊನೆಗೆ ಜನರೇಟರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿಗೇ, ಸಿಗ್ನಲ್ಲಿನ ಅಲೆಯನ್ನು ಅಳೆದು ತೋರಿಸುವ ಆಸಿಲೋಸ್ಕೋಪಿನ ಮೊನೆ ಚುಚ್ಚಿ ನೋಡಿದಳು. ಜನರೇಟರಿನ ಪರದೆಯಲ್ಲಿ ಒಂದು ವೋಲ್ಟು. ಕೇಬಲ್ಲಿನಲ್ಲಿ ನಿಜಕ್ಕೂ ಇದ್ದದ್ದು ಎರಡು.

ಆದದ್ದಿಷ್ಟೇ. ಹೊಸ ಜನರೇಟರು ಎದುರಿಗೆ ಕರೆಂಟು ಎಳೆಯುವ, ತನ್ನಷ್ಟೇ ಭಾರದ ಲೋಡ್ ಕೂತಿದೆ, ಕೊಟ್ಟದ್ದರಲ್ಲಿ ಅರ್ಧ ದಾರಿಯಲ್ಲೇ ಕರಗುತ್ತದೆ ಎಂದು ತಾನೇ ಊಹಿಸಿಕೊಂಡು, ಆ ಅರ್ಧದ ಲೆಕ್ಕವನ್ನು ಪರದೆಯಲ್ಲಿ ತೋರಿಸುವ ಜಾತಿಯದು. ಆಂಪ್ಲಿಫೈಯರು ಎಳೆದುಕೊಳ್ಳುವುದು ಇಲ್ಲವೆನ್ನುವಷ್ಟು ಕಡಿಮೆ. ಏನೂ ಕರಗುವುದಿಲ್ಲ, ಇಡಿಗೆ ಇಡೀ ಒಳಗೆ ಹೋಗುತ್ತದೆ. ಹಳೆಯ ಜನರೇಟರಿಗೆ ಈ ಬುದ್ಧಿವಂತಿಕೆ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು. ಗಂಡನ ಲೆಕ್ಕ ತಪ್ಪಿರಲಿಲ್ಲ. ಅದನ್ನು ಕಣ್ಣುಮುಚ್ಚಿ ಹೊಸ ಪೆಟ್ಟಿಗೆಗೆ ಹಾಕಿದ್ದು ಅವಳ ತಪ್ಪು. ಮೇಜು ಬೇಕಾದದ್ದಕ್ಕಿಂತ ದುಪ್ಪಟ್ಟು ನಡುಗುತ್ತಿತ್ತು. ಪಾಪ, ದೀಪಗಳು ಇನ್ನೇನು ಮಾಡಿಯಾವು.

ತಪ್ಪು ಸಿಕ್ಕಿದ ಸಮಾಧಾನದಲ್ಲಿ ಅವಳು ಹಿಂದಕ್ಕೆ ಒರಗಿ ಚಾವಣಿ ನೋಡಿದಳು. ಅದೇ ಚಾವಣಿ ಮೇಲಿನ ನಡುಮನೆಯ ನೆಲ. ಮೇಜಿಗೆ ನೇರ ಮೇಲೆ ಅತ್ತೆ ಕೂರುವ ಜಾಗ.

ಆಗ ನೆನಪಾಯಿತು. ಗಂಡ ಯಾವಾಗಲೋ ಊಟ ಮಾಡುತ್ತ ಹೇಳಿದ್ದ, ಕಿವಿಗೆ ಕೇಳಿಸದಷ್ಟು ತಗ್ಗಿನ ಸದ್ದು ಜೋರಾದರೆ ಮೈಗೆ ಗೊತ್ತಾಗುತ್ತದಂತೆ. ಎದೆ ಭಾರವಾಗಿ, ಕಣ್ಣುಗುಡ್ಡೆ ಅದುರಿ, ಪಕ್ಕದಲ್ಲಿ ಯಾರೋ ನಿಂತ ಹಾಗಾಗುತ್ತದಂತೆ ಎಂದು. ಅವಳು ಆಗ, ನಿಮ್ಮ ಕಥೆ ಸಾಕು, ಅನ್ನ ಆರುತ್ತದೆ ಎಂದಿದ್ದಳು. ಅತ್ತೆಗೆ ಮಗ ಕಾಣಿಸತೊಡಗಿದ್ದು ದೀಪದ ಕೆಲಸ ಶುರುವಾದ ಮೇಲೆ. ಬರುವುದು ಮಧ್ಯಾಹ್ನ, ಅವಳು ಯಂತ್ರ ಓಡಿಸುವ ಹೊತ್ತಿಗೆ. ಹೋಗುವುದು ಅವಳು ಟೀ ಮಾಡಲು ಸ್ವಿಚ್ಚು ಆರಿಸಿ ಮೇಲೆ ಬರುವ ಹೊತ್ತಿಗೆ. ಕೆಳಗೆ ಕೂತಾಗ ಅವಳ ಕಾಲಡಿ ರಬ್ಬರಿನ ಹಾಸು, ನಡುಕ ಮೈಗೆ ಏರುತ್ತಿರಲಿಲ್ಲ. ಅದಕ್ಕೇ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಸರಿಪಡಿಸುವುದು ಏನೂ ಕಷ್ಟವಿರಲಿಲ್ಲ, ಜನರೇಟರಿನ ಒಂದು ಗುಂಡಿ ಒತ್ತಿ ಪರದೆಯಲ್ಲಿ ಲೋಡಿನ ಒಂದು ಸಾಲು ಬದಲಾಯಿಸಬೇಕು, ಅಷ್ಟೇ. ಸಂಜೆಯವರೆಗೂ ಆ ಗುಂಡಿಯ ಮುಂದೆ ಬೆರಳು ಹಿಡಿದು ಕೂತಳು. ಒತ್ತದಿದ್ದರೆ ಒಬ್ಬ ಒಳ್ಳೆಯ ಮನುಷ್ಯನ ಕೆಲಸ ಹಾಳು. ಒತ್ತಿದರೆ ಅತ್ತೆಯ ಮಗ ಎರಡನೇ ಸಲ ಹೋಗುತ್ತಾನೆ, ಈ ಸಲ ಕಳಿಸಿದವಳು ಸೊಸೆ. ಯಾರ ಹತ್ತಿರ ಹೇಳಿಕೊಂಡಾಳು? ಒತ್ತಿದಳು.

ಮರುದಿನ ದೀಪಗಳು ಒಂದೊಂದಾಗಿ ಪಾಸಾದವು. ಅತ್ತೆ ಗೋಡೆ ನೋಡುತ್ತ ಕೂತಿದ್ದರು, ಟೀ ಕೊಟ್ಟರೆ ಏನೂ ಹೇಳದೆ ಕುಡಿದರು. ಅದರ ಮರುದಿನ ಟೀ ಆರಿಹೋಯಿತು. ಮೂರನೆಯ ದಿನ ಅವಳು ಮೇಲೆ ಹೋದಾಗ ಅತ್ತೆ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಊಟದ ತಟ್ಟೆ ಮುಟ್ಟದೆ ಕೂತಿದ್ದರು. ಮುಖ ಮೂರೇ ದಿನದಲ್ಲಿ ಒಣಗಿದ ಹಾಗಿತ್ತು.

“ಮುನಿಸ್ಕೊಂಡ ಕಣೇ,” ಎಂದರು. “ನಾನೇ ಅಂದ್ಬಿಟ್ಟೆ. ಹೆಂಡ್ತಿ ಹತ್ರ ಹೋಗಬಾರ್ದಾ, ನನ್ನ ಮುಖ ಏನ್ ನೋಡ್ತೀಯ ಅಂತ. ಅಮ್ಮನಿಗೆ ಬೇಡವಾದೆ ಅಂತ ಅನ್ಕೊಂಡಿರ್ಬೇಕು. ಬಾಯಿ ಸುಡ್ಲಿ ನಂದು.”

ಅವಳಿಗೆ ತಡೆಯಲಾಗಲಿಲ್ಲ. ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟಳು. ಜನರೇಟರು, ದುಪ್ಪಟ್ಟಾದ ವೋಲ್ಟು, ಕೇಳಿಸದ ಸದ್ದು, ಬದಲಾಯಿಸಿದ ಸಾಲು, ಒಂದನ್ನೂ ಬಿಡಲಿಲ್ಲ. ಅವರು ಮುನಿಸಿಕೊಂಡಿಲ್ಲ ಅತ್ತೆ, ನೀವು ಏನೂ ತಪ್ಪು ಅನ್ನಲಿಲ್ಲ, ಅದು ಬರೀ ಯಂತ್ರ ಎಂದಳು. ಹೇಳುತ್ತ ಹೇಳುತ್ತ, ಬೈಯಲಿ, ಬೈದರೆ ಸಾಕು ಎಂದು ಕಾದಳು.

ಅತ್ತೆ ಬೈಯಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೊಣಕಾಲ ಮೇಲೆ ಕೈಯೂರಿ ಎದ್ದು, ತೋರಿಸು ನಡಿ ಎಂದರು. ಮಗ ಹೋದ ಮೇಲೆ ಅವರು ಅಂಗಡಿಗೆ ಇಳಿದಿರಲಿಲ್ಲ. ಮೆಟ್ಟಿಲಿಗೊಂದು ಸಲ ನಿಂತು ಇಳಿದರು. ಸ್ಟೂಲಿನ ಮೇಲೆ ಕೂತು ಜನರೇಟರನ್ನು, ಅದರ ಹಿಂದಿನ ಕೇಬಲ್ಲನ್ನು, ಅದು ಹೋಗಿ ಚುಚ್ಚಿಕೊಂಡ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ತಂತಿಗಳ ವಿಷಯದಲ್ಲಿ ಅವರಿಗೆ ಭಯವಿರಲಿಲ್ಲ.

“ಇದನ್ನ ಹಾಕಿದಾಗ ಮಾತ್ರ ಬರ್ತಿದ್ದ ಅಂತೀಯ.”

“ಹೂಂ ಅತ್ತೆ.”

“ಎಕ್ಸ್‌ಚೇಂಜಲ್ಲಿ ನಾನು ತಂತಿ ಚುಚ್ಚಿದಾಗ ಮಾತ್ರ ಆ ಕಡೆಯವರು ಮಾತಾಡ್ತಿದ್ರು. ಹಾಗಂತ ಆ ಕಡೆ ಯಾರೂ ಇರ್ಲಿಲ್ವಾ?”

ಮೇಜು ಖಾಲಿ ಇತ್ತು. ಪಾಸಾದ ದೀಪಗಳನ್ನು ದೀಪದವರು ಬೆಳಿಗ್ಗೆಯೇ ಒಯ್ದಿದ್ದರು. ಅತ್ತೆ ಮೇಜನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ, ಈಗ ಇದರ ಮೇಲೆ ಯಾರ ಸಾಮಾನೂ ಇಲ್ಲವಲ್ಲ, ಮುಂಚಿನಷ್ಟೇ ಹಾಕಿದರೆ ಯಾರಿಗೂ ನಷ್ಟವಿಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದಳು. ಹಾಗಾದರೆ ನೀವು ಮೇಲೆ ಹೋಗಿ ಕೂತ್ಕೊಳ್ಳಿ, ನಾನು ಹಾಕುತ್ತೇನೆ ಎಂದಳು.

ಅತ್ತೆ ಇಲ್ಲವೆಂದು ತಲೆಯಾಡಿಸಿದರು.

“ನಾನು ಬೇಕಾದಷ್ಟು ನೋಡಿದೆ. ನೀನು ಹೋಗು. ಎಲ್ಲಿ ತಿರುಗಿಸ್ಬೇಕು ಹೇಳ್ಕೊಟ್ಟು ಹೋಗು.”

ಬೇಡ ಎನ್ನಬೇಕಿತ್ತು. ಗೊತ್ತಿದ್ದೂ ಗೊತ್ತಿದ್ದೂ ಇದೆಂಥ ಹುಚ್ಚು ಎನ್ನಬೇಕಿತ್ತು. ಆದರೆ ಅವಳ ಕಾಲು ಆಗಲೇ ಮೆಟ್ಟಿಲ ಕಡೆ ತಿರುಗಿತ್ತು. ಅತ್ತೆಯ ಕಿವಿಗೆ ತನ್ನ ಮುಚ್ಚಳ ಹಾಕಹೋದರೆ, ಬೇಡ, ನೀನು ಕೂಗಿದರೆ ಕೇಳಬೇಕು ಎಂದರು. ಅವಳು ನಡುಕ ಏರಿಸುವ ತಿರುಗುಗುಂಡಿ ತೋರಿಸಿದಳು. ನಿಧಾನಕ್ಕೆ ತಿರುಗಿಸಿ, ಇಲ್ಲಿಗೆ ಬಂದಾಗ ನಿಲ್ಲಿಸಿ, ಇದರಾಚೆ ಬೇಡ ಎಂದು ಎರಡು ಸಲ ಹೇಳಿದಳು.

ನಡುಮನೆಯಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಅವಳು ಅತ್ತೆಯ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಸೆರಗು ಸರಿಮಾಡಿಕೊಂಡಳು. ಕೂದಲು ಕಿವಿಯ ಹಿಂದೆ ಸರಿಸಿಕೊಂಡಳು. ಈ ವಯಸ್ಸಿನಲ್ಲಿ ಇದೇನು ಹೆಣ್ಣು ನೋಡಲು ಬರುತ್ತಾರೆಯೇ ಎಂದು ತನಗೆ ತಾನೇ ನಗು ಬಂತು. ಬಂದರೆ ಏನು ಹೇಳುವುದೆಂದು ಯೋಚಿಸಿದಳು. ಹೇಳಬೇಕಾದದ್ದು ಒಂದು ವರ್ಷದ್ದಿತ್ತು, ಒಂದೂ ಬಾಯಿಗೆ ಬರಲಿಲ್ಲ.

ಕೆಳಗೆ ಫ್ಯಾನು ಶುರುವಾಯಿತು. ಸ್ಕೂಟರಿನ ಸದ್ದು ಅದರಲ್ಲಿ ಮುಳುಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಅಂಗಾಲಿನಡಿ ನೆಲ ಇದ್ದೂ ಇಲ್ಲದ ಹಾಗೆ ಅದುರಿತು. ಆಮೇಲೆ ಎದೆಯ ಮೇಲೆ ಅಂಗೈ ಬಂತು. ಅತ್ತೆ ಹೇಳಿದ ಹಾಗೆಯೇ, ಮೆತ್ತಗೆ, ಬೆರಳುಗಳನ್ನು ಅಗಲಿಸಿ ಊರಿದ ಹಾಗೆ. ಅವಳಿಗೆ ಎಲ್ಲ ಗೊತ್ತಿತ್ತು. ಯಾವ ತಂತಿಯಿಂದ ಎಷ್ಟು ಬರುತ್ತಿದೆ, ಯಾವುದು ಯಾಕೆ ಅದುರುತ್ತಿದೆ ಎಂದು ಲೆಕ್ಕ ಹಾಕಿ ಹೇಳಬಲ್ಲಳು. ಆದರೂ ತೋಳಿನ ರೋಮ ಒಂದೊಂದಾಗಿ ಎದ್ದವು.

ಎಡಗಣ್ಣಿನ ಕೊನೆಯಲ್ಲಿ ಬಾಗಿಲು ಕಪ್ಪಾಯಿತು. ಯಾರೋ ಬಂದು ನಿಂತರು.

ಅವಳು ಕತ್ತು ತಿರುಗಿಸಲಿಲ್ಲ. ಉಸಿರು ಹಿಡಿದು, ಗೋಡೆಯ ಸುಣ್ಣ ನೋಡುತ್ತ, ನೋಡದೆಯೇ ನೋಡಿದಳು. ಗಂಡ ಬಾಗಿಲಲ್ಲಿ ನಿಲ್ಲುವ ರೀತಿ ಅವಳಿಗೆ ಗೊತ್ತು. ಒಂದು ಕಾಲಿನ ಮೇಲೆ ಭಾರ ಹಾಕಿ, ಒಂದು ಭುಜ ತಗ್ಗಿಸಿ, ಈಗಲೋ ಆಗಲೋ ಹೊರಡುವವನ ಹಾಗೆ. ಇದು ಹಾಗೆ ನಿಂತಿರಲಿಲ್ಲ. ನೆಟ್ಟಗೆ, ಎರಡೂ ಕಾಲು ಊರಿ, ಕೈ ಇಳಿಬಿಟ್ಟು ನಿಂತಿತ್ತು. ಅವನಷ್ಟು ಎತ್ತರವೂ ಇರಲಿಲ್ಲ. ಅದು ಅವನಲ್ಲ. ಅವಳಿಗೆ ಗೊತ್ತಿರುವ ಯಾರೂ ಅಲ್ಲ.

ಆರಿಸಿ ಅತ್ತೆ ಎಂದು ಕಿರುಚಬೇಕೆನಿಸಿತು. ಅಷ್ಟರಲ್ಲಿ ಕೆಳಗಿನಿಂದ, ಫ್ಯಾನಿನ ಸದ್ದನ್ನು ಮೀರಿಸಲು ಕಷ್ಟಪಡುತ್ತ, ಅತ್ತೆಯ ದನಿ ಬಂತು.

“ಬಂದ್ನೇನೇ?”

ಆ ದನಿಯಲ್ಲಿ ಇದ್ದದ್ದನ್ನು ಅವಳು ಆಮೇಲೆ ಯಾರಿಗೂ ಹೇಳಲಾರದೆ ಹೋದಳು. ಬರಲಿಲ್ಲ ಎಂದರೆ ಅವನು ಅವರ ಮೇಲೆ ಮುನಿದೇ ಹೋದವನು. ಬೇರೆ ಯಾರೋ ಎಂದರೆ, ಇಷ್ಟು ದಿನ ಅವರು ಮನೆಯ ಸುದ್ದಿಯೆಲ್ಲ ಹೇಳಿದ್ದು ಯಾರಿಗೆ?

“ಬಂದ್ರು ಅತ್ತೆ,” ಎಂದು ಕೂಗಿದಳು.

ಬಾಗಿಲಲ್ಲಿದ್ದದ್ದು ಹೊಸಿಲು ದಾಟಿ ಒಂದಿಷ್ಟು ಒಳಗೆ ಬಂದ ಹಾಗಿತ್ತು.

“ನಿಂತೇ ಇದಾನಾ? ನಿಲ್ಲಿಸ್ಕೊಂಡು ಮಾತಾಡ್ಬೇಡ ಕಣೇ. ಕೂರ್ಸು.”

ಅವಳು ಗೋಡೆಯಿಂದ ಕಣ್ಣು ಕೀಳದೆ ಎಡಗೈ ಚಾಚಿದಳು. ಪಕ್ಕದಲ್ಲಿದ್ದ ಖಾಲಿ ಕುರ್ಚಿಯ ಬೆನ್ನು ಬೆರಳಿಗೆ ಸಿಕ್ಕಿತು. ಅದನ್ನು ಮೆಲ್ಲಗೆ, ನೆಲಕ್ಕೆ ಉಜ್ಜುವ ಸದ್ದು ಕೆಳಗಿನವರೆಗೂ ಕೇಳುವ ಹಾಗೆ, ಬಾಗಿಲ ಕಡೆಗೆ ತಿರುಗಿಸಿದಳು.

“ಕೂತ್ಕೊಳ್ಳಿ,” ಎಂದಳು.